ಘಾಟಿ ಇಳಿಯಬೇಡಿ, ಹತ್ತಿ

ಬೆಂಗಳೂರಿನ ಸೈಕಲ್ ಹುಚ್ಚರಿಗೆ ಪಶ್ಚಿಮಘಟ್ಟವೆಂದರೆ ಇಳಿಜಾರು. ರಾತ್ರಿ ಬಸ್ಸಿಗೆ ಸೈಕಲ್ ಹಾಕಿಕೊಂಡು ಆಗುಂಬೆಗೋ ಕೊಟ್ಟಿಗೆಹಾರಕ್ಕೋ ಹೋಗುವುದು, ಬೆಳಿಗ್ಗೆ ಮಂಜಿನಲ್ಲಿ ಒಂದು ಫೋಟೊ, ಆಮೇಲೆ ಪೆಡಲ್ ತುಳಿಯದೆ ಜರ್ರನೆ ಕೆಳಗಿಳಿದು ಉಡುಪಿಯಲ್ಲಿ ಒಂದು ಗಡ್‌ಬಡ್. ಬಸವನಗುಡಿಯವರಾದ ನಮಗಂತೂ ಬುಲ್ ಟೆಂಪಲ್ ರಸ್ತೆಯ ಏರೇ ದೊಡ್ಡ ಏರು, ಇಳಿಜಾರು ಕಂಡರೆ ಜೀವ ಹಿಗ್ಗುವುದು ಸಹಜ. ಆದರೆ ಕಳೆದ ಎರಡು ಚಳಿಗಾಲಗಳಲ್ಲಿ ಗೆಳೆಯರ ಜೊತೆ ಮೂರು ಘಾಟಿಗಳನ್ನು ಕೆಳಗಿನಿಂದ ಮೇಲಕ್ಕೆ ತುಳಿದ ಮೇಲೆ ನನ್ನ ಸಲಹೆ ಉಲ್ಟಾ ಆಗಿದೆ. ಬಸ್ಸಿನಲ್ಲಿ ಕರಾವಳಿಗೆ ಹೋಗಿ, ಸೈಕಲ್‌ನಲ್ಲಿ ಮಲೆನಾಡಿಗೆ ಬನ್ನಿ.

‘ಹತ್ತೋಕೆ ದಮ್ ಬೇಕಲ್ಲ’ ಎನ್ನುವವರಿಗೆ ಮೊದಲು ಒಂದು ಚಿಕ್ಕ ಲೆಕ್ಕ. ಸವಾರ, ಸೈಕಲ್, ಚೀಲ ಎಲ್ಲ ಸೇರಿ 80 ಕೆ.ಜಿ. ಅಂದುಕೊಳ್ಳಿ. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 10 ಕಿ.ಮೀ. ದಾರಿ, ಹೆಚ್ಚುಕಡಿಮೆ 500 ಮೀಟರ್ ಎತ್ತರ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು 390 ಕಿಲೊಜೌಲ್. ಇದನ್ನು ಒಂದೂವರೆ ತಾಸಿಗೆ ಹಂಚಿದರೆ 73 ವಾಟ್ ಬರುತ್ತದೆ. ಟಯರಿನ ಘರ್ಷಣೆಗೆ ಇನ್ನೊಂದಿಷ್ಟು ಸೇರಿಸಿ. ಅಂದರೆ ಹಾಸ್ಟೆಲ್ ರೂಮಿನ ಸೀಲಿಂಗ್ ಫ್ಯಾನ್ ತಿರುಗಲು ಬೇಕಾದಷ್ಟು, ಅದಕ್ಕಿಂತ ಸ್ವಲ್ಪ ಜಾಸ್ತಿ. ಬೇಕಿರುವುದು ದಮ್ಮಿಗಿಂತ ಹೆಚ್ಚಾಗಿ ಚಿಕ್ಕ ಗೇರ್. ಮುಂದೆ 28 ಹಲ್ಲು, ಹಿಂದೆ 32 ಹಲ್ಲು ಇದ್ದರೆ ಪೆಡಲ್‌ನ ಒಂದು ಸುತ್ತಿಗೆ ಸೈಕಲ್ ಎರಡು ಮೀಟರ್‌ಗಿಂತ ಕಡಿಮೆ ಚಲಿಸುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಆರೂವರೆ ಕಿ.ಮೀ. ಜೋರು ನಡಿಗೆಯ ವೇಗ. ಇಂಥ ಗೇರ್ ಸಾಧಾರಣ ಹೈಬ್ರಿಡ್ ಸೈಕಲ್‌ಗಳಲ್ಲೂ ಸಿಗುತ್ತದೆ. ಲಕ್ಷದ ಕಾರ್ಬನ್ ಸೈಕಲ್ ಬೇಕಾಗಿಲ್ಲ.

ಇಳಿಯುವಾಗ ಇದೇ ಶಕ್ತಿ ಎಲ್ಲಿಗೆ ಹೋಗಬೇಕು? ಗಾಳಿಗೆ, ಇಲ್ಲವೇ ಬ್ರೇಕಿಗೆ. ಒಂದು ಲೀಟರ್ ತಣ್ಣೀರನ್ನು ಕುದಿಸಿಯೂ ಮಿಗುವಷ್ಟು ಶಾಖ ಅದು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ವೇಗ ಬಿಡುವಂತಿಲ್ಲವಾದ್ದರಿಂದ ಬಹುಪಾಲು ರಿಮ್ಮಿಗೇ ಹೋಗುತ್ತದೆ. ಬಿಸಿಗೆ ಟ್ಯೂಬಿನ ಹಳೇ ಪ್ಯಾಚ್ ಬಿಟ್ಟುಕೊಳ್ಳುವುದೂ ಉಂಟು. ಘಾಟಿಗೆ ಹೊರಟಿದ್ದೇವೆ ಎಂದಾಗ ಚಾಮರಾಜಪೇಟೆಯ ನಮ್ಮ ಸೈಕಲ್ ಅಂಗಡಿಯ ಯಜಮಾನರು ಗೇರ್ ನೋಡಲೇ ಇಲ್ಲ. ‘ಮೊದ್ಲು ಬ್ರೇಕ್ ಶೂ ಚೇಂಜ್ ಮಾಡಿಸ್ಕೊಳ್ರಪ್ಪ, ಹತ್ತೋದು ಹೆಂಗಾದ್ರೂ ಹತ್ತೀರಿ’ ಅಂದರು.

ಮೊದಲ ಸಲ ಹೋಗುವವರಿಗೆ ಆಗುಂಬೆಯೇ ಸರಿ. ಭಾರಿ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ, ಬಸ್ಸುಗಳೂ ಮಿನಿ ಬಸ್ಸುಗಳೇ. ಬೆಳಿಗ್ಗೆ ಉಡುಪಿಯಲ್ಲಿ ಇಳಿದು ಮಣಿಪಾಲ, ಹಿರಿಯಡಕ, ಹೆಬ್ರಿ ದಾಟುವಷ್ಟರಲ್ಲಿ ಬೆವರು ಕಿತ್ತುಬರುತ್ತದೆ. ನಂದಿಬೆಟ್ಟದ ಏರಿಗೂ ಆಗುಂಬೆಯ ಏರಿಗೂ ಅಂಕಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ನಂದಿಯಲ್ಲಿ ಇಲ್ಲದ್ದು ಕರಾವಳಿಯ ಈ ಸೆಕೆ. ಹೆಬ್ರಿಯಲ್ಲಿ ಎರಡು ಬಾಟಲಿ ನೀರು ತುಂಬಿಸಿಕೊಳ್ಳಿ. ಗೇರುತೋಟ, ಕೆಂಪು ಮುರಕಲ್ಲಿನ ಮನೆ, ಅಡಿಕೆ ಎಲ್ಲ ಒಂದೊಂದಾಗಿ ಹಿಂದಾಗಿ, ಸೋಮೇಶ್ವರ ದಾಟಿದ ಕೂಡಲೇ ರಸ್ತೆಯ ಮೇಲೆ ಕಾಡು ಚಪ್ಪರ ಹಾಕುತ್ತದೆ. ಬಿಸಿಲು ಹೋಗಿ ಜೀರುಂಡೆ ಸದ್ದು ಶುರುವಾಗುತ್ತದೆ. ಕಾರಿನಲ್ಲಿ ಗಾಜು ಏರಿಸಿಕೊಂಡು ಕುಳಿತವರಿಗೆ ಇದು ‘ಗ್ರೀನರಿ’. ಜೋರು ನಡಿಗೆಯ ವೇಗದಲ್ಲಿ ಹೋಗುವವರಿಗೆ ಎಲೆ ಕೊಳೆತ ವಾಸನೆ ಎಲ್ಲಿ ಶುರುವಾಯಿತು, ಗಾಳಿ ಎಷ್ಟನೇ ತಿರುವಿನಲ್ಲಿ ತಣ್ಣಗಾಯಿತು ಎಂಬುದೂ ಗೊತ್ತಾಗುತ್ತದೆ.

ಹೇರ್‌ಪಿನ್ ತಿರುವಿನ ಒಂದು ಗುಟ್ಟು: ಒಳಮಗ್ಗುಲಲ್ಲಿ ದಾರಿ ಕಡಿಮೆ, ಏರಬೇಕಾದ ಎತ್ತರ ಮಾತ್ರ ಅಷ್ಟೇ. ಹಾಗಾಗಿ ಒಳಮಗ್ಗುಲು ಯಾವಾಗಲೂ ಕಡಿದು. ಎಡಬದಿಯಲ್ಲಿ ಹೋಗುವ ನಮಗೆ ಎಡ ತಿರುವುಗಳೆಲ್ಲ ಗೋಡೆ ಹತ್ತಿದಂತೆ, ಬಲ ತಿರುವುಗಳಲ್ಲಿ ಉಸಿರಾಡಬಹುದು. ತಿರುವಿನಲ್ಲಿ ಗೇರ್ ಬದಲಿಸಲು ಹೋಗಬಾರದು, ಅದಕ್ಕೆ ಮೊದಲೇ ಇಳಿಸಿಕೊಂಡಿರಬೇಕು. ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮವಿದೆ. ಸೈಕಲ್ಲೂ ವಾಹನವೇ ಎಂದು ಎಲ್ಲರಿಗೂ ಹೊಳೆಯುವುದಿಲ್ಲ, ಆದ್ದರಿಂದ ಹಗಲಲ್ಲೂ ಲೈಟ್ ಹಾಕಿರಿ.

ಆಗುಂಬೆಯಿಂದ ಮುಂದೆ ಶೃಂಗೇರಿಗೂ ಹೋಗಬಹುದು, ತೀರ್ಥಹಳ್ಳಿಗೂ ಹೋಗಬಹುದು. ನಾವು ತೀರ್ಥಹಳ್ಳಿಯನ್ನು ಆರಿಸಿಕೊಂಡೆವು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮಲೆನಾಡಿಗೆ ಸೈಕಲ್ ಬರುವುದು ಈ ಸೀಮೆಗೇ. ಜನರ ಬಾಯಲ್ಲಿ ಅದು ‘ಬೀಸೆಕಲ್ಲು’. 14 ತಿರುವು ಮುಗಿಸಿ ಬಂದ ಕಾಲುಗಳಿಗೆ ಆ ಹೆಸರು ಎಷ್ಟು ಸರಿ ಎನ್ನಿಸಿತೆಂದು ಹೇಳಬೇಕಾಗಿಲ್ಲ.

ಕುದುರೆಮುಖದ ದಾರಿ ಇದಕ್ಕಿಂತ ಉದ್ದ. ಕಾರ್ಕಳ, ಬಜಗೋಳಿ, ಮಾಳ ದಾಟಿ ರಾಷ್ಟ್ರೀಯ ಉದ್ಯಾನದೊಳಗೇ ಏರಬೇಕು. ಕಾಡಿನೊಳಗೆ ನಿಲ್ಲುವುದು, ತಿನ್ನಲು ಕೂರುವುದು ಬೇಡ; ಚೆಕ್‌ಪೋಸ್ಟ್‌ನಲ್ಲಿ ಸೈಕಲ್ ಬಿಡುತ್ತಾರೆಯೇ, ಎಷ್ಟು ಗಂಟೆಯೊಳಗೆ ದಾಟಬೇಕು ಎಂದು ಮೊದಲೇ ಕೇಳಿಕೊಳ್ಳಿ. ಮೇಲೆ ಹೋದರೆ, 2005ರ ಕೊನೆಗೆ ಗಣಿಗಾರಿಕೆ ನಿಂತ ಮೇಲೆ ಖಾಲಿಯಾದ ಕುದುರೆಮುಖದ ಊರು. ಸಾಲು ಸಾಲು ಕ್ವಾರ್ಟರ್ಸ್ ನಡುವೆ ಸೈಕಲ್ ತುಳಿಯುವಾಗ ನಾವ್ಯಾರೂ ಮಾತಾಡಲಿಲ್ಲ. ಕೆಲಸ ಸಿಕ್ಕರೆ ಸಾಕು ಎಂದು ಕಾಯುವ ವಯಸ್ಸಿನವರಿಗೆ, ಕೆಲಸ ನಿಂತುಹೋದ ಊರು ಸ್ವಲ್ಪ ಹೆಚ್ಚೇ ತಟ್ಟುತ್ತದೆ.

ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತಿದರೆ ಮೇಲೆ ಕೊಟ್ಟಿಗೆಹಾರದ ನೀರುದೋಸೆ ಕಾದಿರುತ್ತದೆ. ಶಿರಾಡಿಗೆ ಮಾತ್ರ ಹೋಗಬೇಡಿ. ಮಂಗಳೂರು ಬಂದರಿನ ಲಾರಿ, ಟ್ಯಾಂಕರ್‌ಗಳೆಲ್ಲ ಅಲ್ಲೇ ಹಾಯುತ್ತವೆ. ಸುಬ್ರಹ್ಮಣ್ಯದಿಂದ ಏರುವ ಬಿಸಿಲೆ ಘಾಟಿಯಲ್ಲಿ ವಾಹನ ಕಡಿಮೆ, ಆದರೆ ಅದು ಆನೆಗಳ ಜಾಗ. ನಾಲ್ಕು ಜನರಾದರೂ ಇರಬೇಕು, ಬಿಸಿಲೇರಿದ ಮೇಲೆ ಹೊರಡಬೇಕು, ಸಂಜೆಗೆ ಮುಂಚೆ ಮುಗಿಸಬೇಕು.

ಹತ್ತಿ ಎಂದು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ನಾನು ಓದುತ್ತಿರುವುದು ಸಿವಿಲ್. ಇಳಿಯುವಾಗ ಕಣ್ಣು ರಸ್ತೆಯ ಮೇಲಿರುತ್ತದೆ, ಹತ್ತುವಾಗ ಗುಡ್ಡದ ಮೇಲೆ. ಚಾರ್ಮಾಡಿಯಲ್ಲಿ ಮೊಣಕೈ ಅಳತೆಯ ದೂರದಲ್ಲಿ ಗುಡ್ಡದ ಮಣ್ಣನ್ನು ನೋಡುತ್ತಾ ಹೋದೆವು. ಎಲ್ಲಿ ಮಳೆಗಾಲ ಮುಗಿದು ಎರಡು ತಿಂಗಳಾದರೂ ನೀರು ಜಿನುಗುತ್ತಿದೆ, ಎಲ್ಲಿ ತಡೆಗೋಡೆಯಿಂದ ನೀರು ಹೊರಬರುವ ತೂತುಗಳು ಮುಚ್ಚಿವೆ, ಎಲ್ಲಿ ಚರಂಡಿ ತುಂಬ ಮಣ್ಣು ಕುಸಿದು ಬಿದ್ದಿದೆ, ಎಲ್ಲವೂ ಕಾಣುತ್ತದೆ. ಮಣ್ಣಿನ ಸಂದಿಗಳಲ್ಲಿ ನೀರು ತುಂಬಿದಾಗ ಅದರ ಒತ್ತಡಕ್ಕೆ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ ಎಂದು ತರಗತಿಯಲ್ಲಿ ಸೂತ್ರ ಬರೆದುಕೊಂಡಿದ್ದೆವು. ಬುಡವನ್ನು ನೆಟ್ಟಗೆ ಕತ್ತರಿಸಿದ ಗುಡ್ಡದಲ್ಲಿ ಆ ಸೂತ್ರ ಏನು ಮಾಡುತ್ತದೆಂಬುದು 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಇದೇ ಚಾರ್ಮಾಡಿಯಲ್ಲಿ, 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಕಂಡಿದೆ. ಶಿರೂರಿನಲ್ಲಿ ಗುಡ್ಡ ಬಿದ್ದದ್ದು ಹೆದ್ದಾರಿ ಪಕ್ಕದ ಚಹಾ ಅಂಗಡಿಯ ಮೇಲೆ. ನಮ್ಮಂಥವರು ಸೈಕಲ್ ಒರಗಿಸಿ ಕೂರುವ ಜಾಗವದು. ನಾಳೆ ಇಂಥ ರಸ್ತೆಗಳ ಅಗಲೀಕರಣಕ್ಕೆ ನಕ್ಷೆ ಬರೆಯುವವರು ನಮ್ಮ ತರಗತಿಯಿಂದಲೇ ಹೋಗಬಹುದು. ಅವರು ಒಮ್ಮೆಯಾದರೂ ಆ ರಸ್ತೆಯನ್ನು ಗಂಟೆಗೆ ಆರೂವರೆ ಕಿ.ಮೀ. ವೇಗದಲ್ಲಿ ನೋಡಿರಲಿ ಎಂಬುದು ನನ್ನ ಆಸೆ.

ಇದೇ ಕಾರಣಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಸವಾರಿ ಬೇಡವೇ ಬೇಡ. ಮಳೆಯ ಆಗುಂಬೆ ರೀಲ್ಸ್‌ನಲ್ಲಿ ಚೆನ್ನ. ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುವ ಜಾಗದಲ್ಲಿ ರಿಮ್ ಬ್ರೇಕ್ ಹಿಡಿಯುವುದೂ ಇಲ್ಲ. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ.

ತಯಾರಿಗೆ ನಂದಿಬೆಟ್ಟ ಇದ್ದೇ ಇದೆ. ಎರಡು ಭಾನುವಾರ ನಿಲ್ಲದೆ ಹತ್ತಿದರೆ ಆಗುಂಬೆಗೆ ಸಾಕು. ದೂರದ ಅಭ್ಯಾಸ ಬೇಕೆಂದವರು ಆಡಾಕ್ಸ್ ಸವಾರಿಗಳಿಗೆ ಸೇರಬಹುದು: 200 ಕಿ.ಮೀ.ಗೆ ಹದಿಮೂರೂವರೆ ತಾಸು ಕೊಡುತ್ತಾರೆ, ಮೊದಲು ಬಂದವರಿಗೆ ಬಹುಮಾನವಿಲ್ಲ, ಸಮಯದೊಳಗೆ ಮುಗಿಸಿದವರೆಲ್ಲ ಸಮಾನರು. ಬಸ್ಸಿಗೆ ಹಾಕುವಾಗ ಮುಂದಿನ ಚಕ್ರ ಬಿಚ್ಚಿ, ಗೇರ್ ಇರುವ ಬಲಮಗ್ಗುಲು ಮೇಲೆ ಬರುವಂತೆ ಡಿಕ್ಕಿಯಲ್ಲಿ ಮಲಗಿಸಿ, ಹಳೇ ಬೆಡ್‌ಶೀಟ್ ಸುತ್ತಿ. ಟಿಕೆಟ್ ಮಾಡಿಸುವಾಗಲೇ ಸೈಕಲ್ ಇದೆ ಎಂದು ಹೇಳಿಬಿಟ್ಟರೆ ರಾತ್ರಿ ಹನ್ನೊಂದಕ್ಕೆ ಕ್ಲೀನರ್ ಜೊತೆ ಚೌಕಾಸಿ ತಪ್ಪುತ್ತದೆ.

ನಮ್ಮ ಗುಂಪಿನ ಮುಂದಿನ ಸವಾರಿ ಹೊಸಂಗಡಿಯಿಂದ ಹುಲಿಕಲ್‌ಗೆ ಏರುವ ಬಾಳೆಬರೆ ಘಾಟಿ. ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನವೇ ಎಂದು ತೀರ್ಮಾನವಾಗಿದೆ. ಐವರಲ್ಲಿ ಒಬ್ಬನಿಗೆ ಸೈಕಲ್ ಇನ್ನೂ ಹೊಂದಿಸಬೇಕು.