ಮೋಪೆಡ್ಡೂ ಯಂತ್ರದ ಸೈಕಲ್ಲೂ

ಹೆಬ್ರಿಯಲ್ಲಿ ನಮ್ಮ ನೆರೆಯ ಗೃಹಸ್ಥರೊಬ್ಬರು ಮೊನ್ನೆ ಹೊಸದೊಂದು ವಿದ್ಯುತ್ ಬಂಡಿಯನ್ನು ಅಂಗಳದಲ್ಲಿ ನಿಲ್ಲಿಸಿ ನಮ್ಮನ್ನು ಕರೆದರು. "ಮಾಷ್ಟ್ರೇ, ಇದಕ್ಕೆ ನಂಬರೂ ಬೇಡ, ಲೈಸೆನ್ಸೂ ಬೇಡವಂತೆ. ಮಾಣಿ ನಾಳೆಯಿಂದ ಶಾಲೆಗೆ ಇದರಲ್ಲೇ ಹೋಗಬಹುದಲ್ಲ?" ಎಂದರು. ಮಾಣಿಗೆ ಹದಿನೈದು ವರ್ಷ. ಬಂಡಿಗೆ ಅಂಟಿಸಿದ್ದ ಚೀಟಿಯನ್ನು ಓದಿದೆವು. ಮೋಟಾರಿನ ಶಕ್ತಿ 1000 ವಾಟ್ ಎಂದಿತ್ತು. ಅವನನ್ನು ಬಸ್ಸಿಗೇ ಕಳುಹಿಸಿರೆಂದು ಹೇಳಬೇಕಾಯಿತು. ಗೃಹಸ್ಥರ ಮುಖ ಸಣ್ಣದಾಯಿತು.

ಅಂಗಡಿಯವನು ಆಡಿದುದು ಪೂರ್ಣ ಸುಳ್ಳಲ್ಲ. ಕೆಲವು ಬಂಡಿಗಳಿಗೆ ಆ ವಿನಾಯಿತಿ ಉಂಟು. ಯಾವುದಕ್ಕೆ ಉಂಟೆಂಬುದನ್ನು ಮಾತ್ರ ಬಂಡಿಯ ಹೆಸರು ನಿರ್ಣಯಿಸುವುದಿಲ್ಲ, ಅಂಕೆಗಳು ನಿರ್ಣಯಿಸುತ್ತವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ಯಾಟರಿಯ ಬಂಡಿಯ ಶಕ್ತಿ 250 ವಾಟಿಗಿಂತಲೂ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿರಬೇಕು. ಬ್ಯಾಟರಿಯನ್ನು ಬಿಟ್ಟು ತೂಕ 60 ಕಿಲೋ ಮೀರಬಾರದು. ಮುಂದೆ ಬಿಳಿಯ, ಹಿಂದೆ ಕೆಂಪು ಪ್ರತಿಫಲಕವಿರಬೇಕು. ತುಳಿಯುವಾಗ ಮಾತ್ರ ನೆರವಾಗುವ ಸೈಕಲ್ಲಾದರೆ, ತುಳಿಯುವುದನ್ನು ನಿಲ್ಲಿಸಿದೊಡನೆ ಮೋಟಾರೂ ನಿಲ್ಲತಕ್ಕದ್ದು. ಇಷ್ಟನ್ನು ಪರೀಕ್ಷಾ ಸಂಸ್ಥೆಯೊಂದು ಪ್ರಮಾಣೀಕರಿಸಿರಬೇಕು. ಇಂಥದು ಕಾನೂನಿನ ದೃಷ್ಟಿಯಲ್ಲಿ ಮೋಟಾರು ವಾಹನವೇ ಅಲ್ಲ. ಆದುದರಿಂದ ಆ ಕಾಯಿದೆಯ ನೋಂದಣಿ, ಲೈಸೆನ್ಸು, ವಯೋಮಿತಿಗಳು ಇದಕ್ಕೆ ತಗಲವು. ಸಾಧಾರಣ ಸೈಕಲ್ಲಿಗೆ ಪೆಟ್ರೋಲು ಎಂಜಿನು ಕಟ್ಟುವವರೂ ಇರುವರು. 1988ರ ಕಾಯಿದೆಯು 25 ಸಿ.ಸಿ.ವರೆಗಿನದನ್ನಷ್ಟೇ ಬಿಟ್ಟಿದೆ.

ಮೋಪೆಡ್ ಎಂಬುದು ಮೋಟಾರ್, ಪೆಡಲ್ ಎಂಬ ಎರಡು ಶಬ್ದಗಳನ್ನು ಕತ್ತರಿಸಿ ಕಟ್ಟಿದ ಸಮಾಸ. 1952ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿತು. ವೈಯಾಕರಣರು ಒಪ್ಪುವರೋ ಇಲ್ಲವೋ, ಲೋಕ ಒಪ್ಪಿತು. ನಮ್ಮ ದೇಶಕ್ಕೆ 1972ರಲ್ಲಿ ಪುಣೆಯ ಲೂನಾ, 1980ರಲ್ಲಿ ಹೊಸೂರಿನ ಟಿ.ವಿ.ಎಸ್. 50 ಬಂದುವು. ಎರಡೂ 50 ಸಿ.ಸಿ.ಯ ಒಳಗಿನವು, ಎರಡಕ್ಕೂ ಪೆಡಲುಗಳಿದ್ದುವು. ಮಲ್ಪೆಯ ಮೀನು, ಡೈರಿಯ ಹಾಲು, ಅಡಿಕೆಯ ಮೂಟೆ ಎಲ್ಲವನ್ನೂ ಹೊತ್ತ ಬಡವರ ಬಂಧುಗಳವು. ಈಗಿನ ಟಿ.ವಿ.ಎಸ್. ಎಕ್ಸ್.ಎಲ್. 100ಕ್ಕೆ ಪೆಡಲಿಲ್ಲ, ಎಂಜಿನು 99.7 ಸಿ.ಸಿ. ಹೆಸರು ಮಾತ್ರ ಮೋಪೆಡ್ಡೇ.

ಇಲ್ಲಿಯೇ ತಂದೆತಾಯಿಗಳು ಮೋಸಹೋಗುವುದು. ಹದಿನಾರು ತುಂಬಿದರೆ ಮೋಪೆಡ್ ಓಡಿಸಬಹುದೆಂಬ ಹಳೆಯ ಮಾತು ಮನೆಮನೆಯಲ್ಲಿದೆ. ಕಾಯಿದೆಯ ನಾಲ್ಕನೆಯ ಕಲಮಿನ ಆ ಸವಲತ್ತು 50 ಸಿ.ಸಿ.ವರೆಗಿನ ಬಂಡಿಗೆ ಮಾತ್ರ, ಅದಕ್ಕೂ ಲೈಸೆನ್ಸು ಬೇಕು. ಮೇಲಿನ ಎಕ್ಸ್.ಎಲ್. ಬಂಡಿಗೆ ಹದಿನೆಂಟೇ ತುಂಬಬೇಕು.

2019ರ ತಿದ್ದುಪಡಿಯು ಇದರ ಭಾರವನ್ನು ಮನೆಯ ಯಜಮಾನನ ತಲೆಯ ಮೇಲೆಯೇ ಹೊರಿಸಿದೆ. ಅಪ್ರಾಪ್ತ ವಯಸ್ಕನು ಮೋಟಾರು ವಾಹನ ನಡೆಸಿ ಅಪರಾಧವೆಸಗಿದರೆ, ಪೋಷಕನಿಗೆ ಅಥವಾ ಬಂಡಿಯ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ಬಂಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ವರ್ಷವಾಗುವವರೆಗೆ ಲೈಸೆನ್ಸಿಲ್ಲ. ಪೋಷಕನ ಸಮ್ಮತಿ ಇತ್ತೆಂದೇ ನ್ಯಾಯಾಲಯವು ಭಾವಿಸತಕ್ಕದ್ದು. ನನಗೆ ತಿಳಿಯದೆ ಒಯ್ದನೆಂದು ಸಾಧಿಸುವ ಹೊಣೆ ಅವನದು. ಬೀಗದ ಕೈಯನ್ನು ಗೋಡೆಯ ಮೊಳೆಗೆ ತೂಗಹಾಕಿದವರು ಅದನ್ನು ಹೇಗೆ ಸಾಧಿಸುವರೋ ತಿಳಿಯದು. ಪರರಿಗೆ ಪೆಟ್ಟಾದರೆ ವಿಮೆಯವರು ಪರಿಹಾರ ಕೊಟ್ಟು, ಲೈಸೆನ್ಸಿಲ್ಲದ ಕಾರಣಕ್ಕೆ ಒಡೆಯನಿಂದ ಅದನ್ನು ವಸೂಲು ಮಾಡಲೂಬಹುದು. ಅಡಿಕೆಯ ತೋಟವೊಂದೇ ಆಸ್ತಿಯಾಗಿರುವ ಮನೆಗೆ ಇದು ಸಣ್ಣ ಮಾತಲ್ಲ.

ಹಿಂದೆ ರಾತ್ರಿ ದೀಪವಿಲ್ಲದೆ ಸೈಕಲ್ ತುಳಿದರೂ ಪೋಲೀಸರು ಹಿಡಿಯುತ್ತಿದ್ದರು. ಇಬ್ಬರು ಕುಳಿತರಂತೂ ಕೇಳುವುದೇ ಬೇಡ. ಆ ಭಯವಾದರೂ ಇತ್ತು. ಈಗ ಮೋಟಾರು ಸೈಕಲ್ಲಿನಲ್ಲಿ ಹಿಂದೆ ಕುಳಿತವರಿಗೂ, ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಶಿರಸ್ತ್ರಾಣ ಕಡ್ಡಾಯವೆಂದು ಬರೆದಿದ್ದರೂ, ಅದು ಹಿಡಿಕೆಯಲ್ಲಿ ತೂಗುವುದನ್ನೇ ನಾವು ಹೆಚ್ಚಾಗಿ ಕಾಣುವೆವು.

ವಿನಾಯಿತಿಯ ಬಂಡಿಗೆ ಶಿರಸ್ತ್ರಾಣದ ಕಟ್ಟಳೆಯಿಲ್ಲ. ಆದರೆ ಆಗುಂಬೆ ಘಾಟಿಯಿಂದಿಳಿದು ಹೆಬ್ರಿಯ ಮೂಲಕ ಉಡುಪಿಗೆ ಹೋಗುವ 169ಎ ಹೆದ್ದಾರಿಯಲ್ಲಿ, ಆಷಾಢದ ಮಳೆಯಲ್ಲಿ, ಬಸ್ಸುಗಳ ನಡುವೆ ಗಂಟೆಗೆ 25 ಕಿಲೋಮೀಟರಿನ ಬಂಡಿಯನ್ನೇರಿದ ಬಾಲಕನಿಗೆ ಕಾನೂನಿನ ವಿನಾಯಿತಿಯಿಂದ ಏನು ರಕ್ಷಣೆ? ಅಂಥ ಬಂಡಿಯಾದರೂ ಶಿರಸ್ತ್ರಾಣವಿಲ್ಲದೆ ಹೊರಡಿಸಬಾರದೆಂದು ನಮ್ಮ ಮತ.

ನೆರೆಯವರು ಮರುದಿನ ಅಂಗಡಿಗೆ ಹೋಗಿ ಪ್ರಮಾಣಪತ್ರ ಕೇಳಿದರು. ಸಿಗಲಿಲ್ಲ. ಹಣ ಹಿಂದೆ ಕೊಡಿಸುವ ಮಾತು ನಡೆಯುತ್ತಿದೆ; ಬಂಡಿ ಕೊಟ್ಟಿಗೆಯಲ್ಲಿದೆ, ಮಾಣಿ ಬಸ್ಸಿನಲ್ಲಿ ಹೋಗುತ್ತಿದ್ದಾನೆ.