ಇಪ್ಪತ್ತೊಂಬತ್ತು ಅಂಕಗಳ ಮನುಷ್ಯಸಂಖ್ಯೆ

ಜೀವರಾಶಿಯನ್ನು ವರ್ಣಿಸುವಾಗ ಜೈನಾಚಾರ್ಯರು ‘ಬಹಳ’, ‘ಅಪಾರ’ ಎಂಬ ಮಾತುಗಳಿಂದ ತೃಪ್ತರಾಗಲಿಲ್ಲ. ಎಣಿಕೆಯನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ, ಯಾವ ಗತಿಯ ಜೀವಗಳು ಯಾವ ಎಣಿಕೆಗೆ ಸಲ್ಲುತ್ತವೆ ಎಂಬುದನ್ನೂ ನಿರ್ಣಯಿಸಿದರು. ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಪರ್ಯಾಪ್ತ ಮನುಷ್ಯರ, ಅಂದರೆ ಆಹಾರ, ಶರೀರ, ಇಂದ್ರಿಯ ಮೊದಲಾದ ಶಕ್ತಿಗಳು ಪೂರ್ಣಗೊಂಡ ಮನುಷ್ಯರ ಸಂಖ್ಯೆಯನ್ನು ಹೇಳಿದ್ದಾರೆ. ಅದು ಹೀಗಿದೆ:

79228162514264337593543950336

ಇಪ್ಪತ್ತೊಂಬತ್ತು ಅಂಕಗಳ ಈ ಸಂಖ್ಯೆ ಹುಟ್ಟುವ ಕ್ರಮ ಸರಳವಾದುದು. ಎರಡನ್ನು ಎರಡರಿಂದಲೇ ಗುಣಿಸಿದರೆ 4. ಇದು ಪ್ರಥಮ ವರ್ಗ. ನಾಲ್ಕರ ವರ್ಗ 16, ಅದರ ವರ್ಗ 256, ಅದರ ವರ್ಗ 65536. ಅರವತ್ತೈದರಿಂದ ಆರಂಭವಾಗುವ ಈ ನಾಲ್ಕನೆಯ ವರ್ಗಕ್ಕೆ ಪ್ರಾಕೃತದಲ್ಲಿ ‘ಪಣ್ಣಟ್ಠಿ’ ಎಂದು ಹೆಸರು. ಐದನೆಯ ವರ್ಗ 4294967296. ನಲವತ್ತೆರಡರಿಂದ ಆರಂಭವಾಗುವುದರಿಂದ ಇದು ‘ಬಾದಾಲ’. ಈ ಬಾದಾಲದ ಘನವೇ ಮನುಷ್ಯಸಂಖ್ಯೆ.

ಇದಕ್ಕೆ ಇನ್ನೊಂದು ಗುಣವಿದೆ. ಇದನ್ನು ಅರ್ಧ ಮಾಡುತ್ತಾ ಹೋದರೆ ಎಲ್ಲಿಯೂ ಭಿನ್ನರಾಶಿ ಬಾರದು. ಸರಿಯಾಗಿ 96ನೆಯ ಬಾರಿಗೆ 1 ಉಳಿಯುತ್ತದೆ. ಹೀಗೆ ಅರ್ಧಿಸುವ ಬಾರಿಗಳ ಎಣಿಕೆಗೆ ‘ಅರ್ಧಚ್ಛೇದ’ ಎಂದು ಹೆಸರು. ಕ್ರಿ.ಶ. 816ರಲ್ಲಿ ಪೂರ್ಣಗೊಂಡ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ ಇದರ ನಿಯಮಗಳಿವೆ. ಆ ಟೀಕೆಯ ಪ್ರಾಚೀನ ತಾಡವೋಲೆಗಳು ಹಳಗನ್ನಡ ಲಿಪಿಯಲ್ಲಿ ಮೂಡುಬಿದಿರೆಯಲ್ಲಿ ಉಳಿದು ಬಂದವು. ಯುರೋಪಿನಲ್ಲಿ ನೇಪಿಯರನ ಲಾಗರಿದಮ್ ಪ್ರಕಟವಾದದ್ದು 1614ರಲ್ಲಿ. ಅರ್ಧಚ್ಛೇದವೆಂಬುದು ಎರಡನ್ನು ಆಧಾರವಾಗಿರಿಸಿದ ಲಾಗರಿದಮ್ಮೇ ಆಗಿದೆ. ಬಾದಾಲದ ಅರ್ಧಚ್ಛೇದ 32. ಅದರ ಘನಕ್ಕೆ 32ರ ಮೂರರಷ್ಟು, ಅಂದರೆ 96.

ಇಷ್ಟು ದೊಡ್ಡ ಸಂಖ್ಯೆಯನ್ನು ಕಂಡು ಮನುಷ್ಯರು ವಿಪುಲವಾಗಿದ್ದಾರೆಂದು ತೋರಬಹುದು. ಶಾಸ್ತ್ರದ ಅಭಿಪ್ರಾಯ ಅದಕ್ಕೆ ವಿರುದ್ಧವಾದುದು. ಇದು ಎರಡೂವರೆ ದ್ವೀಪಗಳ ಸಮಗ್ರ ಮನುಷ್ಯಲೋಕದ ಎಣಿಕೆ. ಆದರೂ ಬರೆದು ಮುಗಿಸಬಹುದಾದದ್ದು. ನಾರಕಿಗಳೂ ದೇವತೆಗಳೂ ಅಸಂಖ್ಯಾತರು. ತಿರ್ಯಂಚರು ಅನಂತ; ಒಂದೇ ನಿಗೋದ ಶರೀರದಲ್ಲಿ ಅನಂತ ಜೀವಗಳಿವೆ. ಅನಂತದ ಮುಂದೆ ಇಪ್ಪತ್ತೊಂಬತ್ತು ಅಂಕಗಳು ಲೆಕ್ಕಕ್ಕೆ ಬಾರವು. ಸಂಯಮವನ್ನು ಪೂರ್ಣವಾಗಿ ಧರಿಸಿ ಮೋಕ್ಷವನ್ನು ಸಾಧಿಸಬಲ್ಲುದು ಈ ಅಲ್ಪಸಂಖ್ಯಾತ ಗತಿಯೊಂದೇ. ಬೋಧಿದುರ್ಲಭ ಭಾವನೆಯು ಶ್ರಾವಕರಿಗೆ ನಿತ್ಯವೂ ನೆನಪಿಸುವುದು ಇದನ್ನೇ.

ದೊರೆತ ಜನ್ಮವನ್ನು ಬಳಸುವ ಬಗೆಯನ್ನೂ ಇದೇ ಗಣಿತದಿಂದ ಕಲಿಯಬಹುದು. ಆಸೆಯು ವರ್ಗದ ಕ್ರಮದಲ್ಲಿ ಬೆಳೆಯುತ್ತದೆ. ಎರಡರಿಂದ ಹೊರಟದ್ದು ಐದೇ ಹೆಜ್ಜೆಗಳಲ್ಲಿ ನಾನೂರು ಕೋಟಿಯನ್ನು ಮೀರುತ್ತದೆ. ಪರಿಗ್ರಹ ಪರಿಮಾಣ ವ್ರತವಾದರೋ ಅರ್ಧಚ್ಛೇದದಂತೆ. ಎಲ್ಲವನ್ನೂ ಒಂದೇ ದಿನದಲ್ಲಿ ತ್ಯಜಿಸಲು ಗೃಹಸ್ಥನಿಗೆ ಸಾಧ್ಯವಾಗದಿರಬಹುದು; ಆದರೆ ಇರುವುದರಲ್ಲಿ ಸ್ವಲ್ಪವನ್ನು ಈ ವರ್ಷ, ಇನ್ನು ಸ್ವಲ್ಪವನ್ನು ಮುಂದಿನ ವರ್ಷ ಬಿಡುತ್ತಾ ಬರಲು ಯಾರ ಅಡ್ಡಿಯೂ ಇಲ್ಲ. ಇಪ್ಪತ್ತೊಂಬತ್ತು ಅಂಕಗಳ ಆ ದೊಡ್ಡ ರಾಶಿಯೂ ತೊಂಬತ್ತಾರು ಹೆಜ್ಜೆಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಏಕತ್ವ ಭಾವನೆಯಲ್ಲಿ ಹೇಳುವ ಆ ಒಂದು, ತನ್ನ ಆತ್ಮವೇ.