ಕಾರ್ನೆಗಿ ಹಾಲ್‌ನ ನಾಲ್ಕು ದನಿಗಳು

1955ರ ಡಿಸೆಂಬರ್ 24. ಅಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನ ವೇದಿಕೆ ಹತ್ತಿದ ನಾಲ್ವರನ್ನು ಟೀವಿ, ರೇಡಿಯೊಗಳು ಹತ್ತಿರ ಸೇರಿಸುತ್ತಿರಲಿಲ್ಲ. ಡೆಕ್ಕಾ ರೆಕಾರ್ಡ್ ಕಂಪನಿ ಅವರನ್ನು ಕೈಬಿಟ್ಟಿತ್ತು. ಆದರೂ ಸಭಾಂಗಣ ತುಂಬಿತ್ತು. ಅಂದಿನ ಕಛೇರಿಯ ಧ್ವನಿಮುದ್ರಣವನ್ನು ವ್ಯಾನ್‌ಗಾರ್ಡ್ ಎಂಬ ಪುಟ್ಟ ಕಂಪನಿ 1957ರಲ್ಲಿ ಹೊರತಂದಿತು: ‘ದಿ ವೀವರ್ಸ್ ಅಟ್ ಕಾರ್ನೆಗಿ ಹಾಲ್’.

ಪೀಟ್ ಸೀಗರ್, ಲೀ ಹೇಸ್, ರಾನಿ ಗಿಲ್ಬರ್ಟ್, ಫ್ರೆಡ್ ಹೆಲ್ಲರ್‌ಮನ್ ಸೇರಿ ಕಟ್ಟಿದ ‘ವೀವರ್ಸ್’ ತಂಡ ಅದಕ್ಕೂ ಮೊದಲೇ ಮನೆಮಾತಾಗಿತ್ತು. ಲೆಡ್‌ಬೆಲ್ಲಿ ಎಂಬ ಕಪ್ಪು ಗಾಯಕನಿಂದ ಕಲಿತ ‘ಗುಡ್‌ನೈಟ್ ಐರೀನ್’ 1950ರಲ್ಲಿ 13 ವಾರ ಅಮೆರಿಕದ ಅಗ್ರ ಗೀತೆಯಾಗಿತ್ತು. ಅದನ್ನು ನೋಡಲು ಲೆಡ್‌ಬೆಲ್ಲಿ ಇರಲಿಲ್ಲ. 1949ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದ. ಡೆಕ್ಕಾದ ಆ ಮುದ್ರಣಕ್ಕೆ ವಾದ್ಯವೃಂದದ ನಿರ್ದೇಶಕ ಗಾರ್ಡನ್ ಜೆಂಕಿನ್ಸ್ ಪಿಟೀಲುಗಳ ದಂಡನ್ನೇ ಕೂಡಿಸಿದ್ದರು. ನನ್ನ ಕಿವಿಗೆ ಅದು ಜೋಳದ ರೊಟ್ಟಿಗೆ ಕೇಕಿನ ಕೆನೆ ಬಳಿದಂತೆ.

ಅಷ್ಟರಲ್ಲಿ ಕಮ್ಯುನಿಸ್ಟ್ ಬೇಟೆ ಶುರುವಾಗಿತ್ತು. 1952ರಲ್ಲಿ ಹಾರ್ವಿ ಮಾಟುಸೊ ಎಂಬ ಮಾಹಿತಿದಾರ ಸಂಸದೀಯ ಸಮಿತಿಯ ಮುಂದೆ ತಂಡದವರ ಹೆಸರು ಹೇಳಿದ. ಮುಂದೆ ತನ್ನ ಸಾಕ್ಷ್ಯಗಳೇ ಸುಳ್ಳೆಂದು ಪುಸ್ತಕ ಬರೆದನಾದರೂ ಆಗಬೇಕಾದ ನಷ್ಟ ಆಗಿಹೋಗಿತ್ತು. ಕಾರ್ಯಕ್ರಮಗಳು ಒಂದೊಂದಾಗಿ ರದ್ದಾದವು, ತಂಡ ಚದುರಿತು. 1955ರ ಆಗಸ್ಟಿನಲ್ಲಿ ಸಮಿತಿಯೆದುರು ನಿಂತ ಸೀಗರ್ ತಮ್ಮ ರಾಜಕೀಯದ ಬಗ್ಗೆ ಬಾಯಿಬಿಡಲಿಲ್ಲ. ಬೇಕಿದ್ದರೆ ಹಾಡು ಹೇಳುತ್ತೇನೆ ಎಂದರು. ಅದಾಗಿ ನಾಲ್ಕೇ ತಿಂಗಳಿಗೆ ವ್ಯವಸ್ಥಾಪಕ ಹೆರಾಲ್ಡ್ ಲೆವೆಂಥಾಲ್ ನಾಲ್ವರನ್ನೂ ಮತ್ತೆ ಕೂಡಿಸಿ ಈ ಕಛೇರಿ ಏರ್ಪಡಿಸಿದರು.

ನಿಷೇಧ ಹಾಕಿದವರು ತಮಗರಿವಿಲ್ಲದೆ ಒಂದು ಉಪಕಾರ ಮಾಡಿದ್ದರು: ಪಿಟೀಲುಗಳು ಮಾಯವಾಗಿದ್ದವು. ಈ ಆಲ್ಬಮ್‌ನಲ್ಲಿರುವುದು ಬ್ಯಾಂಜೊ, ಗಿಟಾರ್, ನಾಲ್ಕು ಕಂಠ ಮತ್ತು ಜನ. ಹೇಸ್‌ರ ಮಂದ್ರ, ಅದನ್ನು ಸೀಳಿ ಏಳುವ ಗಿಲ್ಬರ್ಟ್‌ರ ತುಂಬುದನಿ, ನಡುವೆ ನಗೆಚಾಟಿಕೆ, ಚಪ್ಪಾಳೆ. ಗಣಿಕಾರ್ಮಿಕರ ಹಾಡಿನ ಪಕ್ಕದಲ್ಲೇ ಇಂಡೊನೇಷ್ಯಾದ ಜೋಗುಳ, ಹೀಬ್ರೂ ಗೀತೆ, ಸ್ಪೇನಿನ ಅಂತರ್ಯುದ್ಧದ ಪದ. ಕೇಳಿದವರಿಗೆ ‘ಇದನ್ನು ನಾವೂ ಹಾಡಬಹುದಲ್ಲ’ ಅನ್ನಿಸುವಂತಿತ್ತು. ಆಲ್ಬಮ್‌ನ ನಿಜವಾದ ಪ್ರಭಾವ ಇದೇ ಎಂದು ನನ್ನೆಣಿಕೆ. ಕಾಲೇಜು ಹುಡುಗರು ಬ್ಯಾಂಜೊ ಹಿಡಿದರು. 1958ರಲ್ಲಿ ಕಿಂಗ್‌ಸ್ಟನ್ ಟ್ರಯೊ ಎಂಬ ತಂಡ ‘ಟಾಮ್ ಡೂಲಿ’ ಹಾಡಿನಿಂದ ಗೆದ್ದಿತು, ಮರುವರ್ಷ ನ್ಯೂಪೋರ್ಟ್ ಜಾನಪದ ಉತ್ಸವ ಆರಂಭವಾಯಿತು. ‘ಪೀಟರ್, ಪಾಲ್ ಆ್ಯಂಡ್ ಮೇರಿ’ ತಂಡದವರು ಅದೇ ದಾರಿ ಹಿಡಿದು ಬಂದವರು. ಸೀಗರ್ ಮಾತ್ರ 1958ರಲ್ಲೇ ತಂಡ ಬಿಟ್ಟಿದ್ದರು. ಉಳಿದವರು ಸಿಗರೇಟಿನ ಜಾಹೀರಾತಿಗೆ ಹಾಡಲು ಒಪ್ಪಿದ್ದು ಅವರಿಗೆ ಹಿಡಿಸಲಿಲ್ಲ. ಸೀಗರ್ ಊರೂರಿಗೆ ಹಬ್ಬಿಸಿದ ‘ವಿ ಶಲ್ ಓವರ್‌ಕಮ್’ ನಮ್ಮ ಶಾಲೆಗಳಲ್ಲೂ ಚಳವಳಿಗಳಲ್ಲೂ ಕನ್ನಡದ್ದೇ ಎಂಬಷ್ಟು ಸಹಜವಾಗಿ ಕೇಳುತ್ತದೆ.

ಜಾನಪದವೆಂದರೆ ಯಾರದೂ ಅಲ್ಲದ ಆಸ್ತಿ ಎಂಬ ಭ್ರಮೆಯೂ ಈ ಆಲ್ಬಮ್‌ನೊಳಗಿದೆ. ಇದರಲ್ಲಿರುವ ‘ವಿಮೊವೆ’ಯನ್ನು ವೀವರ್ಸ್ ಆಫ್ರಿಕದ ಪರಂಪರಾಗತ ಹಾಡೆಂದೇ ತಿಳಿದಿದ್ದರು. ಅದನ್ನು 1939ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಕಟ್ಟಿ ಹಾಡಿದಾತ ಸೊಲೊಮನ್ ಲಿಂಡ ಎಂಬ ಜುಲು ಕಾರ್ಮಿಕ. ಅದೇ ಹಾಡು ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಆಗಿ 1961ರಲ್ಲಿ ಜಗತ್ತು ಸುತ್ತಿತು. ಮರುವರ್ಷ ಲಿಂಡ ಬಡತನದಲ್ಲೇ ಸತ್ತ. ಆತನ ಹೆಣ್ಣುಮಕ್ಕಳಿಗೆ ಗೌರವಧನದ ಹಕ್ಕು ದಕ್ಕಿದ್ದು ಮೊಕದ್ದಮೆ ಹೂಡಿ, 2006ರ ರಾಜಿಯ ನಂತರ.